ಬಿಸ್ಕತ್ತನ್ನು ಮೊಟ್ಟೆ ಎಂದು ಬರೆದವಳ ಅಹವಾಲು

ತೂಕ ಇಳಿಕೆ ಶಸ್ತ್ರಚಿಕಿತ್ಸೆಯ ನಂತರದ ಆಹಾರ ಸಲಹಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಬರುವ ಸೋಮವಾರ ನಿಮ್ಮ ಆಸ್ಪತ್ರೆಯಲ್ಲಿ ಒಬ್ಬ ಬಸ್ ಚಾಲಕನ ಹೊಟ್ಟೆಗೆ ಎರಡನೇ ಸಲ ಕತ್ತರಿ ಹಾಕಲಿದ್ದಾರೆ. ಶಸ್ತ್ರವೈದ್ಯರು ಆ ತೀರ್ಮಾನಕ್ಕೆ ಬಂದದ್ದು ಅವನ ಆಹಾರ ಡೈರಿಯನ್ನು ನಂಬಿ. ಆ ಡೈರಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸುಳ್ಳು. ಬರೆದವಳು ನಾನು. ಬರೆಸಿದವರು ತಾವು.

ಸಿಟ್ಟಾಗಬೇಡಿ, ವಿವರಿಸುತ್ತೇನೆ. ನಾನೊಬ್ಬಳು ದರ್ಜಿ. ಎರಡು ವರ್ಷದ ಹಿಂದೆ ನಿಮ್ಮಲ್ಲೇ ಹೊಟ್ಟೆ ಚಿಕ್ಕದು ಮಾಡಿಸಿಕೊಂಡು ಮೂವತ್ತಾರು ಕಿಲೋ ಇಳಿದವಳು. ಅದರಲ್ಲಿ ಒಂಬತ್ತು ಕಿಲೋ ದಾರಿ ತಪ್ಪದೆ ಮನೆಗೆ ವಾಪಸ್ ಬಂದಿದೆ. ಚಾಲಕನೂ ಅದೇ ತಿಂಗಳು ಕೊಯ್ಯಿಸಿಕೊಂಡವನು, ಅವನಿಗೆ ಬಂದದ್ದು ಹದಿನಾಲ್ಕು ಕಿಲೋ. ತಿಂಗಳಿಗೊಮ್ಮೆ ನಿಮ್ಮ ಕೋಣೆಯ ಹೊರಗಿನ ಹಸಿರು ಬೆಂಚಿನ ಮೇಲೆ ಪಕ್ಕಪಕ್ಕ ಕೂರುತ್ತೇವೆ. ಅವನು ನನ್ನನ್ನು ಅಕ್ಕಾ ಅನ್ನುತ್ತಾನೆ.

ನಿಮ್ಮ ನಿಯಮ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ರೋಗಿ ತಿಂದದ್ದನ್ನೆಲ್ಲ ಡೈರಿಯಲ್ಲಿ ಬರೆದು ತರಬೇಕು. ಅನ್ನ, ಬ್ರೆಡ್ಡು, ಆಲೂಗಡ್ಡೆ, ಬಿಸ್ಕತ್ತು, ಹೀಗೆ ಕಾರ್ಬೋಹೈಡ್ರೇಟಿನ ವಾಸನೆ ಬಂದರೂ ಆ ತಿಂಗಳಿಗೆ 'ಅಸಹಕಾರ' ಎಂಬ ಕೆಂಪು ಮುದ್ರೆ. ಮೂರು ಮುದ್ರೆ ಬಿದ್ದರೆ ಹೆಸರು ಪಟ್ಟಿಯಿಂದ ಔಟ್. ಆಮೇಲೆ ರಕ್ತಪರೀಕ್ಷೆಯಿಲ್ಲ, ವಿಟಮಿನ್ ಇಂಜೆಕ್ಷನ್ ಇಲ್ಲ, ಕೆಲಸದ ಕಚೇರಿಗೆ ಕೊಡಬೇಕಾದ ಆರೋಗ್ಯ ಪ್ರಮಾಣಪತ್ರವೂ ಇಲ್ಲ. ಕಳ್ಳತನ ಮಾಡಿದವನಿಗೂ ಒಬ್ಬ ವಕೀಲ ಸಿಗುತ್ತಾನೆ ಸ್ವಾಮಿ. ಒಂದು ತುಂಡು ಬ್ರೆಡ್ಡು ತಿಂದವನ ಪರ ನಿಮ್ಮಲ್ಲಿ ಯಾರಿದ್ದಾರೆ?

ಇಂಥ ನಿಯಮದ ಎದುರು ಜನ ಏನು ಮಾಡುತ್ತಾರೆ? ಬ್ರೆಡ್ಡು ಬಿಡುತ್ತಾರೆ ಎಂದು ತಾವು ತಿಳಿದಿದ್ದೀರಿ. ನಿಜ ಬರೆಯುವುದನ್ನು ಬಿಡುತ್ತಾರೆ. ಹಸಿರು ಬೆಂಚಿನ ಮೇಲೆ ಕೂತು, ಒಂದೇ ಪೆನ್ನಿನಲ್ಲಿ, ಇಡೀ ತಿಂಗಳ ಊಟವನ್ನು ಇಪ್ಪತ್ತು ನಿಮಿಷದಲ್ಲಿ ಬೇಯಿಸಿ ಇಳಿಸುತ್ತೇವೆ. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಕೋಳಿ, ಸಂಜೆ ಮೊಸರು. ಚಾಲಕನ ಅಕ್ಷರ ಕೋಳಿ ಕೆದರಿದ ಹಾಗೆ. ನನ್ನದು ದುಂಡಗೆ. ಹಾಗಾಗಿ ಐದು ತಿಂಗಳು ಅವನ ಡೈರಿಯನ್ನೂ ನಾನೇ ಬರೆದೆ. ನಿಮ್ಮ ಸಲಹೆಗಾರ್ತಿ ಅದನ್ನು ಉಳಿದವರಿಗೆ ಎತ್ತಿ ತೋರಿಸಿ, "ನೋಡಿ, ಹೀಗಿರ್ಬೇಕು ಶಿಸ್ತು ಅಂದ್ರೆ" ಎಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆಸೆಬುರುಕರು ಅಂದುಕೊಂಡಿರೇನು ನಮ್ಮನ್ನು? ಕೊಯ್ದ ಹೊಟ್ಟೆಗೆ ಕೋಳಿ ತುಂಡು ಇಳಿಯುವುದಿಲ್ಲ. ಎದೆಯ ನಡುವೆ ಕೂತುಬಿಡುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಬಚ್ಚಲಿಗೆ ಓಡಬೇಕು. ಚಹಾದಲ್ಲಿ ಅದ್ದಿದ ಬಿಸ್ಕತ್ತು ಮಾತ್ರ ಸದ್ದಿಲ್ಲದೆ ಜಾರಿ ಹೋಗುತ್ತದೆ. ಅರ್ಧ ಗಂಟೆಗೆ ಮತ್ತೆ ಹಸಿವು, ಮತ್ತೆ ಎರಡು. ಸಂಜೆ ಹೊತ್ತಿಗೆ ಪೊಟ್ಟಣ ಖಾಲಿ. ನೀವು ಕೊಟ್ಟ ಸಲಹೆಯ ಹಾಳೆ ಹೇಳುತ್ತದೆ: ತುತ್ತಿಗೆ ಮೂವತ್ತು ಸಲ ಅಗಿಯಿರಿ, ಊಟಕ್ಕೆ ಅರ್ಧ ಗಂಟೆ ಕೊಡಿ. ಬಸ್ಸು ಕೊನೆಯ ನಿಲ್ದಾಣದಲ್ಲಿ ನಿಲ್ಲುವುದು ನಾಲ್ಕು ನಿಮಿಷ. ಅಷ್ಟರಲ್ಲಿ ಇಳಿಯಬೇಕು, ಬಚ್ಚಲಿಗೆ ಹೋಗಬೇಕು, ಕನ್ನಡಿ ಒರೆಸಬೇಕು. ಮೂವತ್ತು ಸಲ ಅಗಿಯುವುದನ್ನು ಪ್ರಯಾಣಿಕರ ಕೈಲಿ ಮಾಡಿಸಬೇಕೇ? ಅವನು ಬಿಸ್ಕತ್ತು ತಿಂದ. ಡೈರಿಯಲ್ಲಿ ಬರೆದಿದ್ದರೆ, ಕೋಳಿಯನ್ನು ಕೊಚ್ಚಿ ಮೆತ್ತಗೆ ಬೇಯಿಸಿ ಡಬ್ಬಿಗೆ ಹಾಕಿಕೊಳ್ಳಪ್ಪಾ ಎಂದು ಯಾರಾದರೂ ಹೇಳುತ್ತಿದ್ದರೋ ಏನೋ. ಕೇಳಿದವರು ಯಾರು?

ನನ್ನ ಅಂಗಡಿಗೆ ಬರುವವರೂ ಸುಳ್ಳು ಹೇಳುತ್ತಾರೆ. ಟೇಪು ಸೊಂಟಕ್ಕೆ ಬಂದ ತಕ್ಷಣ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಆ ಅಳತೆಗೆ ಹೊಲಿದರೆ ಮೊದಲ ಸಲ ಕೂತಾಗಲೇ ಹೊಲಿಗೆ ಬಿಡುತ್ತದೆ. ಅದಕ್ಕೆ ನಾನು ಟೇಪು ಹಿಡಿದೇ ಮಗಳ ಪರೀಕ್ಷೆ ಏನಾಯಿತು, ಅತ್ತೆಯ ಮಂಡಿನೋವು ಹೇಗಿದೆ ಎಂದು ಕೇಳುತ್ತೇನೆ. ಮಾತಿಗಿಳಿದರೆ ಉಸಿರು ತಾನೇ ಸಡಿಲಾಗುತ್ತದೆ. ಆಗ ಅಳತೆ ತೆಗೆಯುತ್ತೇನೆ. ಹೊಟ್ಟೆ ಒಳಗೆಳೆದದ್ದಕ್ಕೆ ಯಾರ ಹಣೆಗೂ ಮುದ್ರೆ ಒತ್ತಿಲ್ಲ. ಹಾಗೆ ಒತ್ತಿದ್ದರೆ ಎಂದೋ ಅಂಗಡಿ ಮುಚ್ಚಿಕೊಂಡು ಮನೆಯಲ್ಲಿ ಕೂರಬೇಕಿತ್ತು.

ಕಳೆದ ಭೇಟಿಯಲ್ಲಿ ಶಸ್ತ್ರವೈದ್ಯರು ನಮ್ಮ ಬೆಂಚಿನ ಬಳಿಯೇ ನಿಂತು ಚಾಲಕನ ಡೈರಿ ತಿರುವಿದರು. ಪಾಪ, ಒಳ್ಳೆಯ ಮನುಷ್ಯ. "ಇಷ್ಟು ಕಟ್ಟುನಿಟ್ಟಾಗಿ ತಿಂದೂ ಹದಿನಾಲ್ಕು ಕಿಲೋ ಬಂದಿದೆ ಅಂದ್ರೆ ತಪ್ಪು ನಿಮ್ದಲ್ಲ, ಹೊಟ್ಟೇದು. ಹಿಗ್ಗಿದೆ. ಇನ್ನೊಮ್ಮೆ ಕೊಯ್ಯೋಣ" ಎಂದರು. ಬಿಸ್ಕತ್ತಿನ ತಪ್ಪಿಗೆ ಹೊಟ್ಟೆಗೆ ಶಿಕ್ಷೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ನಾನು ನೇರ ನಿಮ್ಮ ಸಲಹೆಗಾರ್ತಿಯ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮುದ್ರೆಯ ಡಬ್ಬಿಯ ಮುಚ್ಚಳ ತೆಗೆದರು.

"ಹಾಗಾದ್ರೆ ಹಿಂದಿನ ತಿಂಗಳುಗಳಿಗೂ ಮುದ್ರೆ ಹಾಕ್ಬೇಕಾಗುತ್ತೆ. ನೀವಿಬ್ರೂ ಪಟ್ಟಿಯಿಂದ ಹೊರಗೆ. ಬರೆದುಕೊಡ್ತೀರಾ?"

ನಾನು ಬರೆದುಕೊಡದೆ ಹೊರಗೆ ಬಂದೆ. ಚಾಲಕ ಬೆಂಚಿನ ಮೇಲೆ ಟೋಪಿ ತಿರುವುತ್ತಾ ಕೂತಿದ್ದ.

"ಬೇಡ ಅಕ್ಕಾ, ಬಿಟ್ಬಿಡಿ. ಪ್ರಮಾಣಪತ್ರ ಇಲ್ದಿದ್ರೆ ಡಿಪೋದಲ್ಲಿ ಬಸ್ ಮುಟ್ಟೋಕೂ ಬಿಡಲ್ಲ. ಹೊಟ್ಟೆ ಹೋದ್ರೆ ಹೋಗ್ಲಿ, ಸ್ಟೀರಿಂಗ್ ಹೋಗ್ಬಾರ್ದು."

ಮಾನ್ಯರೇ, ಈ ಮಾತು ನಿಮ್ಮ ಕಿವಿಗೆ ಬೀಳಲಿ ಎಂದೇ ಈ ಪತ್ರ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಸುಳ್ಳು ಹೇಳಿದರೆ ಹೊಟ್ಟೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನಡುವೆ ಕೂತು ಮುದ್ರೆ ಒತ್ತುವುದಕ್ಕೆ ನಿಮ್ಮ ಭಾಷೆಯಲ್ಲಿ ಆಹಾರ ಸಲಹೆ ಎಂದು ಹೆಸರೇ? ಆರು ದಿನದಿಂದ ನನಗೆ ನಿದ್ದೆಯಿಲ್ಲ. ಮನೆಯವರು, "ಹೊಟ್ಟೆ ಕೊಯ್ದೋರು ನಿನ್ನ ನಾಲಿಗೆ ಮರೆತುಬಿಟ್ರು ನೋಡು. ಸುಮ್ನಿರೋಕೆ ಆಗಲ್ಲ ಅಲ್ವಾ? ಹೋಗಿ ಬರಿ" ಎಂದರು. ಚಾಲಕನನ್ನೂ ಕೇಳಿದೆ. "ಬರೀರಿ ಅಕ್ಕಾ. ಬಸ್ ನಂಬರ್ ಮಾತ್ರ ಹಾಕ್ಬೇಡಿ" ಎಂದ. ಹಾಕಿಲ್ಲ.

ಇದರೊಂದಿಗೆ ಅವನ ಕಳೆದ ವಾರದ ನಿಜವಾದ ಡೈರಿಯನ್ನು ಲಗತ್ತಿಸಿದ್ದೇನೆ. ಅವನದೇ ಕೈಬರಹ, ಓದಲು ಕಷ್ಟಪಡಿ. ಅದನ್ನು ಇಂದೇ ಶಸ್ತ್ರವೈದ್ಯರ ಮೇಜಿಗೆ ತಲುಪಿಸಿ. ಸೋಮವಾರದ ಶಸ್ತ್ರಚಿಕಿತ್ಸೆಯನ್ನು ತಡೆಹಿಡಿಯಿರಿ. ಅವನಿಗೆ ಏನು ತಿನ್ನಲು ಆಗುತ್ತದೆ, ಏನು ಆಗುವುದಿಲ್ಲ ಎಂದು ಯಾರಾದರೂ ಒಬ್ಬರು ಎದುರು ಕೂತು ಕೇಳಲಿ. ನಿಜ ಬರೆದದ್ದಕ್ಕೆ ಅವನ ಹೆಸರು ಹೊಡೆಯುವುದಿಲ್ಲ ಎಂದು ಲಿಖಿತವಾಗಿ ಕೊಡಿ. ಮುದ್ರೆ ಒತ್ತದೆ ನಿಮ್ಮ ಕೈ ಸುಮ್ಮನಿರದಿದ್ದರೆ, ಅವನ ಪಾಲಿನದನ್ನೂ ಸೇರಿಸಿ ಆರೂ ಮುದ್ರೆ ನನ್ನ ಡೈರಿಗೇ ಒತ್ತಿ, ನನ್ನ ಹೆಸರು ಹೊಡೆದುಹಾಕಿ. ಉಪ್ಪು ತಿಂದವಳು ನಾನು, ನೀರು ಕುಡಿಯುತ್ತೇನೆ. ಅವನು ಸೋಮವಾರ ಬೆಳಿಗ್ಗೆ ಬಸ್ಸು ಓಡಿಸಲಿ.

ಇಂತಿ,
ಐದು ತಿಂಗಳಲ್ಲಿ ಒಂದೂ ಒಡೆಯದಂತೆ ಮುನ್ನೂರು ಮೊಟ್ಟೆಗಳನ್ನು ಕಾಗದದ ಮೇಲೆ ಬೇಯಿಸಿದ,
ತಮ್ಮ ಪಟ್ಟಿಯಲ್ಲಿ ಇವತ್ತಿನವರೆಗೆ ಇರುವ ಒಬ್ಬ ದರ್ಜಿ