ಬೆವರುವ ಕಬ್ಬಿಣ

ಕುಹ್ಮೊ, ಜೌಗಿನ ಆಚೆಯ ಮನೆ
ನವೆಂಬರ್ 14, 1996, ಗುರುವಾರ, ಮಧ್ಯಾಹ್ನದ ಕಾಫಿ ಆದಮೇಲೆ

ಪ್ರೀತಿಯ ತೂಲಿಕ್ಕಿ,

ಹಾಗಾಗಿ ಶನಿವಾರದೊಳಗೆ ತಪ್ಪು ಎಲ್ಲಿದೆಯೆಂದು ಗೊತ್ತಾಗದಿದ್ದರೆ ಬೇಟೆಯಲ್ಲಿ ನನ್ನ ಜಾಗವನ್ನು ನಮ್ಮ ತಂಡದ ಪೆಂಟ್ಟಿಗೆ ಕೊಟ್ಟು ನನ್ನನ್ನು ಸೂಪಿನ ಹಂಡೆಯ ಮುಂದೆ ನಿಲ್ಲಿಸುತ್ತಾರೆ ಎಂದು ನಾನು ನಿನ್ನೆ ಹೇಳುವಷ್ಟರಲ್ಲಿ ನಿನ್ನ ಶಾಲೆಯ ಗಂಟೆ ಹೊಡೆದು ನೀನು ಫೋನು ಇಟ್ಟೆ. ಒಳ್ಳೆಯದೇ ಆಯಿತು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ತಂತಿಯ ಆ ತುದಿಯಲ್ಲಿ ಯಾರೋ ಮೀಟರು ಓಡಿಸುತ್ತಾ ಕೂತಿದ್ದಾರೆ ಅನ್ನಿಸುತ್ತದೆ. ಕಾಗದಕ್ಕೆ ಅವಸರವಿಲ್ಲ.

ಅದಿರಲಿ, ನಿನ್ನ ಕೆಮ್ಮು ಹೇಗಿದೆ? ಕರಿಸಾಸಿವೆ ಬಣ್ಣದ ಆ ಉಣ್ಣೆ ಶಾಲು ಕತ್ತಿಗೆ ಸುತ್ತಿಕೊಳ್ಳುತ್ತೀಯೋ ಅಥವಾ ಕುರ್ಚಿಯ ಬೆನ್ನಿಗೆ ಹೊದಿಸಿ ಕುರ್ಚಿಯನ್ನು ಬೆಚ್ಚಗಿಡುತ್ತೀಯೋ? ನಿನ್ನ ಟಾಂಪೆರೆಯಲ್ಲಿ ಹಿಮ ಇನ್ನೂ ನೆಲ ಹಿಡಿದಿಲ್ಲ ಎಂದು ರೇಡಿಯೊ ಹೇಳಿತು. ಇಲ್ಲಿ ಜೌಗು ಹೆಪ್ಪುಗಟ್ಟಿದೆ, ಕಾಲಿಟ್ಟರೆ ಒಣಗಿದ ರೊಟ್ಟಿಯಂತೆ ಮುರಿಯುತ್ತದೆ. ನನ್ನ ಮಂಡಿ ಪರವಾಗಿಲ್ಲ. ನಾಯಿ ಪೆನಿಗೆ ವಯಸ್ಸಾಗಿದೆ, ಆದರೆ ಅದು ಅವಳಿಗೆ ಗೊತ್ತಿಲ್ಲ, ನಾವ್ಯಾರೂ ಹೇಳಿಲ್ಲ.

ಮೊದಲನೆಯ ಸಲ ಗುಂಡು ಹಾರದೆ ಕೈಕೊಟ್ಟದ್ದನ್ನು ಹೇಳುತ್ತೇನೆ. ಆಗಿ ಇಷ್ಟು ದಿನವಾದರೂ ಅದು ಎಚ್ಚರದಲ್ಲಿ ಆಯಿತೋ ನಿದ್ದೆಯಲ್ಲಿ ಆಯಿತೋ ಅನ್ನುವಂತೆ ಇದೆ. ಮಂಜು ಜೌಗಿನ ಮೇಲೆ ಕೆನೆಗಟ್ಟಿತ್ತು. ಪೆನಿ ದೂರದಲ್ಲಿ ಬೊಗಳುತ್ತಿದ್ದದ್ದು ನೀರಿನೊಳಗಿಂದ ಬಂದಹಾಗೆ ಕೇಳುತ್ತಿತ್ತು. ನಾನು ನನ್ನ ಎಂದಿನ ಜಾಗದಲ್ಲಿ, ಆ ಸತ್ತ ಪೈನ್ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಹಿರ್ವಿ ನಡೆದು ಬಂದದ್ದು ನನಗೆ ಕಾಣಲಿಲ್ಲ. ಮಂಜೇ ಒಂದು ಕಡೆ ದಪ್ಪವಾಯಿತು, ಅದಕ್ಕೆ ಉದ್ದನೆಯ ಕಾಲು ಮೂಡಿದವು, ಆಮೇಲೆ ಗುದ್ದಲಿಯಂಥ ಕೊಂಬು ಮೂಡಿತು. ಜಿಂಕೆಯ ಜಾತಿಯೇ ಆದರೂ ಕುದುರೆಗಿಂತ ಎತ್ತರದ ಗಂಡು. ಕೊಂಬಿಗೆ ಒಂದೆಳೆ ಮರದ ಪಾಚಿ ಸಿಕ್ಕಿಕೊಂಡು ಮದುಮಗನ ಹಾಗೆ ಕಾಣುತ್ತಿತ್ತು. ಗುರಿ ಹಿಡಿದೆ, ಅರ್ಧ ಉಸಿರು ಬಿಟ್ಟೆ, ಟ್ರಿಗರ್ ಒತ್ತಿದೆ. ಟಿಕ್ ಎಂದಿತು, ಅಷ್ಟೇ. ಹಿರ್ವಿ ಕಿವಿ ತಿರುಗಿಸಿ ನನ್ನನ್ನೊಮ್ಮೆ ನೋಡಿ, ಯಾರೋ ತಪ್ಪು ಬಾಗಿಲು ತಟ್ಟಿದರು ಅನ್ನುವಂತೆ ಮತ್ತೆ ಮಂಜಾಗಿ ಹೋಯಿತು.

ಅಂಥ ಹೊತ್ತಿನಲ್ಲಿ ತಕ್ಷಣ ಕೋವಿ ತೆರೆಯಬಾರದು. ಒಮ್ಮೊಮ್ಮೆ ಬೆಂಕಿ ತಡವಾಗಿ ಬರುತ್ತದೆ. ನಳಿಗೆಯನ್ನು ನೆಲದ ಪಾಚಿಯ ಕಡೆ ಹಿಡಿದು ಕಾಯಬೇಕು. ಮನೆಯಲ್ಲೇ ತೋಟಾ ತುಂಬುವುದನ್ನು ಹೇಳಿಕೊಡುವ ನನ್ನ ಅಮೆರಿಕದ ಪುಸ್ತಕ ಅದಕ್ಕೆ ಹ್ಯಾಂಗ್‌ಫೈರ್ ಎನ್ನುತ್ತದೆ. ಅರಣ್ಯ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ನನ್ನ ಹತ್ತಿರ ಉಳಿದಿರುವುದು 'ಹವೆ ಚೆನ್ನಾಗಿದೆ, ಅಲ್ಲವೇ' ಎನ್ನುವ ಒಂದು ವಾಕ್ಯ ಮತ್ತು ಮರಗಳ ಕೆಲವು ಹೆಸರು. ಆದರೂ ಈ ಮಾತು ನನಗೆ ಅರ್ಥವಾಯಿತು, ನೇತಾಡುವ ಬೆಂಕಿ. ಏಟು ಬಿದ್ದಾಗಿದೆ, ಉರಿ ಹತ್ತಿಲ್ಲ, ಏನಾಗಬೇಕೆಂದು ಅದಕ್ಕೇ ಗೊತ್ತಿಲ್ಲ. ನಾನು ಕಾಯುತ್ತಾ ನಿಂತೆ. ಬೆಂಕಿ ಬರಲಿಲ್ಲ. ಮಂಜಿನಲ್ಲಿ ನಿಂತು ನಿಂತು ನಾನು ಏನಕ್ಕೆ ಕಾಯುತ್ತಿದ್ದೇನೆ ಎನ್ನುವುದೇ ಸ್ವಲ್ಪ ಹೊತ್ತು ಮರೆತುಹೋಯಿತು.

ಬೇಟೆಯ ಗುಡಿಸಲಿನಲ್ಲಿ ಸಾಸೇಜು ಸುಡುತ್ತಾ ಕೂತಿದ್ದ ಪೆಂಟ್ಟಿ ಬಿಡುತ್ತಾನೆಯೇ? "ಏನೋ ಒಯ್ವಾ, ಹಿರ್ವಿ ನಿನ್ನ ಮುಂದೇನೇ ಬಂತಂತೆ! ಬರೀ ನಮಸ್ಕಾರ ಹೇಳಿ ಕಳಿಸಿದ್ಯಾ? ಕಾಫಿಗಾದ್ರೂ ಕರೀಬಾರ್ದಿತ್ತೇನೋ!" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯ ವಾರ ಅದೇ ಜಾಗ, ಈ ಸಲ ಕರುವಿಲ್ಲದ ಹೆಣ್ಣು, ಮತ್ತೆ ಅದೇ ಟಿಕ್. ಆಗ ಪೆಂಟ್ಟಿ "ಬೆಣ್ಣೆ ಕೈಯಲ್ಲಿ ತೋಟಾ ತುಂಬಿದ್ದಾನೆ ಕಣ್ರೋ, ಹುರಿದು ತಿನ್ನೋಕೆ!" ಎಂದರೂ ಯಾರೂ ನಗಲಿಲ್ಲ. ಆ ನಗದೇ ಇದ್ದದ್ದು ನನಗೆ ಹೆಚ್ಚು ಚುಚ್ಚಿತು. ನಮ್ಮ ಬೇಟೆಯ ಮುಖಂಡ ತಾಯಿಸ್ತೊ ನಿನಗೆ ಗೊತ್ತಲ್ಲ, ವರ್ಷಕ್ಕೆ ಎಷ್ಟು ಮಾತಾಡಬೇಕೆಂದು ಮೊದಲೇ ಪಡಿ ಹಾಕಿಕೊಂಡಿರುವವನು. ಅವನೂ ತನ್ನ ತೋಟಾಗಳನ್ನು ನನ್ನ ಮೇಜಿನಲ್ಲೇ ತುಂಬಿಸಿಕೊಳ್ಳುವುದು. ಎಲ್ಲರ ಎದುರಿಗೆ ತನ್ನ ಕೋವಿಯಿಂದ ಅವನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡು ಹೇಳಿದ: "ಒಂದ್ಸಲ ಆದ್ರೆ ತೋಟಾದ ಗ್ರಹಚಾರ. ಎರಡ್ಸಲ ಆದ್ರೆ ಅದಕ್ಕೊಂದು ಕಾರಣ ಇರುತ್ತೆ. ಗಾಯ ಆದ ಪ್ರಾಣಿ ಹಿಂದೆ ಕತ್ತಲಲ್ಲಿ ಅಲೆಯೋಕೆ ನಾನು ಯಾರನ್ನೂ ಕಳಿಸಲ್ಲ. ಬರೋ ಶನಿವಾರದೊಳಗೆ ಕಾರಣ ಹುಡುಕ್ಕೊಂಡು ಬಾ. ಇಲ್ದಿದ್ರೆ ಹಂಡೆ ನೋಡ್ಕೋ." ಹಂಡೆಗೆ ಹೋದವರು ಯಾರೂ ಮತ್ತೆ ಜೌಗಿಗೆ ಮರಳಿದ್ದಿಲ್ಲ, ಮಗಳೇ. ಊರಿಗೆಲ್ಲ ಹಿರ್ವಿ ಸೂಪು ಬಡಿಸುವ ಹಬ್ಬದ ದಿನ ಅವರ ಸೂಪನ್ನು ಹೊಗಳುತ್ತಾರೆ, ಅಷ್ಟೇ.

ನನಗೆ ಮೊದಲು ಅನುಮಾನ ಬಂದದ್ದು ನನ್ನ ಹೆಬ್ಬೆರಳಿನ ಮೇಲೆ. ತೋಟಾದ ಹಿಂಭಾಗದ ಗುಳಿಯಲ್ಲಿ ಕೇಪು ಕೂರಿಸುವುದನ್ನು ನೀನು ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದೀಯ. ಮಸೂರ ಬೇಳೆಯಷ್ಟು ಚಿಕ್ಕ ಬಟ್ಟಲು ಅದು. ಕೋವಿಯೊಳಗಿನ ಮೊಳೆ ಅದನ್ನು ಕುಟ್ಟಿದರೆ ಕಿಡಿ, ಕಿಡಿಯಿಂದ ಮದ್ದು, ಮದ್ದಿನಿಂದ ಗುಂಡು. ಕೇಪು ಗುಳಿಯ ತಳ ಮುಟ್ಟಿ ಕೂತಿತು ಎನ್ನುವುದನ್ನು ಕಣ್ಣು ಹೇಳಲಾರದು, ಸನ್ನೆಕೋಲು ಒತ್ತುವ ಹೆಬ್ಬೆರಳೇ ಹೇಳಬೇಕು. ಸರಿಯಾಗಿ ಕೂರದಿದ್ದರೆ ಮೊಳೆಯ ಏಟೆಲ್ಲ ಅದನ್ನು ಒಳಗೆ ತಳ್ಳುವುದರಲ್ಲೇ ಮುಗಿದುಹೋಗುತ್ತದೆ, ಕಿಡಿ ಹುಟ್ಟುವುದಿಲ್ಲ. ನಿನ್ನ ಅಮ್ಮ ಮೂಲೆಯಲ್ಲಿ ಮಗ್ಗ ಬಡಿಯುತ್ತಿದ್ದಳು, ನಾನು ಈ ಕಡೆ ಕೇಪು ಒತ್ತುತ್ತಿದ್ದೆ. ಅವಳ ಒಂದು ಏಟಿಗೆ ನನ್ನದೊಂದು. ಈ ಸಲ ಮೊದಲ ಬಾರಿಗೆ ಸದ್ದಿಲ್ಲದ ಮನೆಯಲ್ಲಿ ತುಂಬಿದ್ದೆ. ಲಯ ತಪ್ಪಿದ ಕೈಗೆ ತಳ ಸಿಕ್ಕಿತೋ ಇಲ್ಲವೋ ಯಾರಿಗೆ ಗೊತ್ತು ಎಂದುಕೊಂಡೆ.

ಪುಸ್ತಕ ತೆಗೆದೆ. ನಿಘಂಟು ಒಂದು ಕೈಯಲ್ಲಿ, ಭೂತಗನ್ನಡಿ ಇನ್ನೊಂದು ಕೈಯಲ್ಲಿ. ಅಮೆರಿಕದವರೂ ನಮ್ಮ ಹಾಗೆಯೇ ತೋಟಾಕ್ಕೆ ಬಾಯಿ, ಕತ್ತು, ಭುಜ ಎಲ್ಲ ಇಟ್ಟಿದ್ದಾರೆ. ಭುಜವನ್ನು ತೀರ ಹಿಂದಕ್ಕೆ ತಳ್ಳಿದ್ದರೆ ತೋಟಾ ಕೋವಿಯೊಳಗೆ ಸಡಿಲವಾಗಿ, ಮೊಳೆಯ ಏಟಿಗೆ ಮುಂದಕ್ಕೆ ಜಾರುತ್ತದಂತೆ. ಅಳೆದೆ, ಸರಿಯಿತ್ತು. ಕೇಪಿಗೆ ಎಣ್ಣೆಗೈ ತಾಗಿದ್ದರೆ ಒಳಗಿನ ಮದ್ದು ಸಾಯುತ್ತದಂತೆ. ನಾನು ಸೋಪಿನಲ್ಲಿ ಕೈ ತೊಳೆಯದೆ ಆ ಡಬ್ಬಿ ಮುಟ್ಟುವವನಲ್ಲ, ಪೆಂಟ್ಟಿ ಏನಾದರೂ ಅನ್ನಲಿ. ಒಂದೊಂದು ತೋಟಾದ ಬೆನ್ನ ಮೇಲೂ ಬೆರಳು ಸವರಿದೆ. ಕೇಪು ಹಿತ್ತಾಳೆಯ ಅಂಚಿಗಿಂತ ಕೂದಲೆಳೆಯಷ್ಟು ಒಳಗಿತ್ತು, ಇರಬೇಕಾದದ್ದೇ ಹಾಗೆ. ಆದರೆ ಅನುಮಾನ ಇದ್ದದ್ದು ಬೆರಳಿನ ಮೇಲೆ, ಸಾಕ್ಷಿ ಹೇಳುತ್ತಿದ್ದದ್ದೂ ಅದೇ ಬೆರಳು!

ಕೊನೆಗೆ ನಾಚಿಕೆ ಬಿಟ್ಟು ಸೋಮವಾರ ತಾಯಿಸ್ತೊನನ್ನೇ ಮರಳುಗುಂಡಿಗೆ ಕರೆದೆ. ಅವನ ಕೋವಿಯೂ ನನ್ನದೇ ಅಳತೆಯದು. ಕೈಕೊಟ್ಟ ಆ ಎರಡು ತೋಟಾಗಳನ್ನು ಅವನು ಬೆಳಕಿಗೆ ಹಿಡಿದು, ತುಂಬ ಹೊತ್ತು ನೋಡಿ, "ಇದೇನೋ ಇದು, ನಿನ್ ಮೊಳೆ ಕುಟ್ಟಿಲ್ಲ, ಕೆನ್ನೆ ಸವರಿದೆ" ಎಂದ. ನಿಜ, ಕೇಪಿನ ಮೇಲಿನ ಗುಳಿ ಮಗುವಿನ ಉಗುರು ಊರಿದಷ್ಟೇ ಇತ್ತು. ಅವನ್ನೇ ತನ್ನ ಕೋವಿಗೆ ಹಾಕಿ ಮರಳಿನ ದಿಬ್ಬಕ್ಕೆ ಹೊಡೆದ. ಎರಡೂ ಹಾರಿದವು. ಅದೇ ಪೆಟ್ಟಿಗೆಯ ಬೇರೆ ತೋಟಾಗಳೂ ಹಾರಿದವು. ಪ್ರತಿ ಸದ್ದೂ ಕೆರೆಯಾಚೆ ಹೋಗಿ, ಅಲ್ಲಿ ಯಾರನ್ನೋ ಕಂಡು ಮಾತಾಡಿಸಿ ನಿಧಾನಕ್ಕೆ ವಾಪಸು ಬರುತ್ತಿತ್ತು. ನನಗೆ ಅಳು ಬಂದಂತಾಯಿತು. ಗಾಳಿಗೆ ಎಂದು ಕಣ್ಣೊರೆಸಿಕೊಂಡೆ, ಗಾಳಿ ಇರಲಿಲ್ಲ. "ಕೈ ಚೆನ್ನಾಗಿದೆ. ಕೋವಿ ನೋಡು," ಎಂದು ಹೇಳಿ ಅವನು ಸೈಕಲ್ಲು ಹತ್ತಿದ.

ಕೋವಿ ನೋಡಿದೆ. ಮೊಳೆ, ಸ್ಪ್ರಿಂಗುಗಳಿರುವ ಬೋಲ್ಟ್ ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ಮೊಳೆ ನೆಟ್ಟಗಿತ್ತು, ಸ್ಪ್ರಿಂಗು ಬಿಗಿಯಾಗಿತ್ತು, ಚಳಿಗೆ ಗಟ್ಟಿಯಾಗುವ ಹಳೆಯ ಎಣ್ಣೆಯ ಜಿಡ್ಡೂ ಇರಲಿಲ್ಲ. ಒಂದು ಹನಿ ನೀರಿತ್ತು, ನನ್ನ ಮೂಗಿನದೇ ಇರಬೇಕೆಂದು ಒರೆಸಿದೆ. ಆ ರಾತ್ರಿ ಹಂಡೆಯ ಸೌಟು ಕಣ್ಣ ಮುಂದೆ ತಿರುಗುತ್ತಲೇ ಇತ್ತು. ಆಮೇಲೆ ಬೇಟೆಯ ದಿನ ಏನೇನು ಮಾಡುತ್ತೇನೋ ಅದನ್ನೆಲ್ಲ ಮತ್ತೆ ಮಾಡಿ ನೋಡೋಣ ಎನ್ನಿಸಿತು. ನಿನ್ನೆ ಖಾಲಿ ಕೋವಿ ಹೆಗಲಿಗೆ ಹಾಕಿಕೊಂಡು ಜೌಗಿನವರೆಗೆ ನಡೆದು ಬಂದೆ, ಬಂದು ಎಂದಿನಂತೆ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇವತ್ತು ಬೆಳಿಗ್ಗೆ ತೆಗೆದು ಸೌದೆ ರಾಶಿಗೆ ಒರಗಿಸಿ, ಕೈ ಬೆಚ್ಚಗಾಗುವಷ್ಟು ಸೌದೆ ಒಡೆದೆ. ಆಮೇಲೆ ಅಲ್ಲೇ, ಆ ಚಳಿಯಲ್ಲೇ, ಬೋಲ್ಟ್ ಬಿಚ್ಚಿದೆ. ಸ್ಪ್ರಿಂಗಿನ ಸುತ್ತಿನ ಸಂದಿನಲ್ಲೆಲ್ಲ ಬಿಳಿ ಮಂಜುಗಡ್ಡೆ! ಸಕ್ಕರೆ ಉದುರಿಸಿದ ಹಾಗೆ, ಎಷ್ಟು ಚೆಂದ ಇತ್ತು ಗೊತ್ತೇ? ಅಷ್ಟು ಸಾಕು, ಮೊಳೆ ಅದರೊಳಗೆ ಕೆಸರಲ್ಲಿ ಓಡುವವನ ಹಾಗೆ ಓಡುತ್ತಿತ್ತು. ಅಡುಗೆಮನೆಯ ಶಾಖಕ್ಕೆ ತಂದರೆ ಅದೆಲ್ಲ ಕರಗಿ ಒಂದು ಹನಿಯಾಗುತ್ತದೆ. ನಾನು ಒರೆಸಿ ಹಾಕಿದ್ದು ಅದನ್ನೇ.

ಇನ್ನು ಕಾರಣದ ಕಾರಣ. "ಕಬ್ಬಿಣ ಬೆವರುತ್ತೆ ಮಾರಾಯಾ, ಒಳಗೆ ತರಬೇಡ, ಅದು ಅಲ್ಲೇ ತಣ್ಣಗಿರಲಿ" ಎಂದು ನಿನ್ನ ಅಮ್ಮ ಮಗ್ಗದ ಹಿಂದಿನಿಂದ ಕೂಗುತ್ತಿದ್ದಳಲ್ಲ, ಅದು ಅವಳ ನೂಲಿಗೆ ಎಣ್ಣೆ ತಾಗೀತೆಂಬ ಗೊಣಗಾಟ ಎಂದೇ ನಾನು ತಿಳಿದಿದ್ದೆ. ಅವಳು ಬದುಕಿದ್ದ ತನಕ ಬೀರು ಬೆಂಕಿಯಿಲ್ಲದ ಹೊರಜಗಲಿಯಲ್ಲಿತ್ತು. ಚಳಿಯಿಂದ ಬಂದ ಕೋವಿ ಚಳಿಯಲ್ಲೇ ಮಲಗುತ್ತಿತ್ತು. ಜೂನ್ ತಿಂಗಳಲ್ಲಿ ನೀನು ಮಗ್ಗ ಒಯ್ದೆ. ನಾನೇ ಒಯ್ಯಿ ಎಂದದ್ದು, ಅದರಲ್ಲಿ ಏನೂ ತಪ್ಪಿಲ್ಲ, ಮಗ್ಗಕ್ಕೆ ಕೈ ಬೇಕು. ಆದರೆ ನೀನು ಹೋದಮೇಲೆ ಆ ಮೂಲೆಯ ಕಡೆ ಮುಖ ಮಾಡಿ ಊಟ ಮಾಡಲಾಗಲಿಲ್ಲ, ಬೆನ್ನು ಮಾಡಿದರೂ ಆಗಲಿಲ್ಲ. ಅವಳೇ ನೇಯ್ದ ಚಿಂದಿ ಜಮಖಾನೆಯ ಮೇಲೆ ಬೀರುವನ್ನು ಎಳೆದುಕೊಂಡು ಬಂದು, ಮಗ್ಗದ ಕಾಲಿನ ಗುರುತು ಮುಚ್ಚುವ ಹಾಗೆ ನಿಲ್ಲಿಸಿಬಿಟ್ಟೆ. ಬೇಸಿಗೆಯಲ್ಲಿ ಏನೂ ಆಗಲಿಲ್ಲ. ಚಳಿ ಬಿತ್ತು. ಒಲೆಯ ಪಕ್ಕದ ಬೆಚ್ಚಗಿನ ಮೂಲೆಯಲ್ಲಿ ಕೋವಿ ಒಳಗೊಳಗೇ ಬೆವರಿತು, ಹೊರಗೆ ಹೋಗಿ ಹೆಪ್ಪುಗಟ್ಟಿತು.

ಕಾರಣ ಸಿಕ್ಕಿದ ಮೇಲೆ ಕುಣಿಯಬೇಕಿತ್ತು. ನಾನು ಕಾಫಿ ಕಾಯಿಸಿಕೊಂಡು ಬೀರುವನ್ನೇ ನೋಡುತ್ತಾ ಕೂತೆ. ಬೇರೆ ದಾರಿಗಳೂ ಇವೆ. ದಿನವೂ ಬೋಲ್ಟ್ ಬಿಚ್ಚಿ ಒಣಗಿಸಬಹುದು, ಎಷ್ಟೋ ಜನ ಹಾಗೆ ಮಾಡುತ್ತಾರೆ. ಆದರೆ ಒಂದು ದಿನ ಮರೆಯುತ್ತೇನೆ, ಆ ದಿನ ಏಟು ಅರೆಬರೆ ಬಿದ್ದು, ಬೆಂಕಿ ತಡವಾಗಿ ಬಂದು, ಗುಂಡು ಪ್ರಾಣಿಯ ಕಾಲಿಗೆ ತಾಗುತ್ತದೆ. ತಾಯಿಸ್ತೊಗೆ ಕಾರಣ ಹೇಳಿ, ಕಾರಣವನ್ನು ಮಾತ್ರ ಮನೆಯಲ್ಲೇ ಇಟ್ಟುಕೊಳ್ಳುವುದು ಆಗದ ಮಾತು. ಬೀರು ಜಗಲಿಗೆ ಹೋಗಲೇಬೇಕು. ಮೂಲೆ ಮತ್ತೆ ಖಾಲಿಯಾಗುತ್ತದೆ. ಆಗಲಿ. ಜೌಗಿನಲ್ಲಿ ಅಷ್ಟು ದೊಡ್ಡ ಖಾಲಿಯ ಎದುರು ಬೆಳಗಿನಿಂದ ನಿಲ್ಲುವವನಿಗೆ ಮನೆಯ ಒಂದು ಮೂಲೆ ಹೆಚ್ಚಾಯಿತೇ? ನಿನ್ನ ಅಮ್ಮ ಇದ್ದಿದ್ದರೆ

ಅಯ್ಯೋ, ಕಾಗದದ ಮೇಲಿನ ಗೆರೆಯೇ ಕಾಣುತ್ತಿಲ್ಲ. ಬರ್ಚ್ ಮರಗಳ ತುದಿಯಲ್ಲಿ ಮಾತ್ರ ಸ್ವಲ್ಪ ಕೆಂಪು ಉಳಿದಿದೆ. ಬೆಳಕು ಪೂರ್ತಿ ಹೋಗುವ ಮೊದಲು ಬೀರು ಎಳೆಯಬೇಕು, ಇಲ್ಲದಿದ್ದರೆ ನಾಳೆ ಎನ್ನುತ್ತೇನೆ, ನಾಳೆ ಮತ್ತೆ ನಾಳೆ ಎನ್ನುತ್ತೇನೆ. ನಿನ್ನ ಕೈ ಬೆಚ್ಚಗಿರಲಿ, ನೂಲು ಸಿಕ್ಕಾಗದಿರಲಿ, ಕೆಮ್ಮು ಬಿಟ್ಟುಹೋಗಲಿ.

ನಿನ್ನ ಅಪ್ಪ,
ಒಯ್ವಾ

ಮತ್ತೊಂದು ಮಾತು, ಅವಸರದಲ್ಲಿ: ಬೀರು ಹೊಸ್ತಿಲಲ್ಲಿ ಸಿಕ್ಕಿಕೊಂಡಿತ್ತು, ಅಷ್ಟರಲ್ಲಿ ತಾಯಿಸ್ತೊ ಬಂದ. ಕಾರಣ ಕೇಳಿದ, ಮಂಜುಗಡ್ಡೆಯ ವಿಷಯಕ್ಕೆ ತಲೆ ಆಡಿಸಿದ, ಶನಿವಾರ ಜೌಗಿನ ಜಾಗ ನನ್ನದೇ ಎಂದ. ಬೀರುವಿಗೆ ಹೆಗಲು ಕೊಟ್ಟ. ಆಮೇಲೆ ಖಾಲಿ ಮೂಲೆ ನೋಡಿ, "ಅಲ್ವೋ, ಮಂಚ ಹಾಕೋಷ್ಟು ಜಾಗ ಇಟ್ಕೊಂಡು ಕೋವಿ ಮಲಗಿಸಿದ್ದೀಯಲ್ಲೋ!" ಎಂದು ಬೈದ. ಅವನು ಈ ಕಾಗದ ಅಂಚೆಗೆ ಹಾಕುತ್ತಾನಂತೆ, ಟೋಪಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಾನೆ. ಅಟ್ಟದ ಕೋಣೆ ಚಳಿಗಾಲಕ್ಕೆ ಆಗುವುದಿಲ್ಲ, ಕೆಳಗೆ ಮಲಗಲು ಜಾಗವಿಲ್ಲ ಎಂದು ನಾನು ಹೇಳಿದ್ದಕ್ಕೆ ತಾನೇ ನೀನು ಕ್ರಿಸ್ಮಸ್ಸಿಗೆ ಪೇಟೆಯ ವಸತಿಗೃಹದಲ್ಲಿ ಉಳಿಯುತ್ತೇನೆ ಎಂದದ್ದು. ಜಾಗವಿದೆ, ಮಗಳೇ. ಒಲೆಯ ಪಕ್ಕದಲ್ಲೇ ಇದೆ. ಬಾ.