ಕಾಟಾದ ಕುರ್ಚಿ

ನವೆಂಬರ್ 4, ಮಂಗಳವಾರ

…ಅದಕ್ಕೇ ಅಂತೀನಿ, ಕಲಿಸಬಾರದು. ನಿನ್ನೆ ಇಷ್ಟು ಬರೆಯೋದ್ರೊಳಗ ಕರೆಂಟ್ ಹೋತು. ಇವತ್ತೂ ಅದೇ ಮಾತು. ಕಲಿಸಿದ್ರ ಮುಗೀತು ನನ್ನ ಕಥಿ.

ಈ ಗಾದಿಗನೂರು ಪ್ಲಾಂಟಿನಾಗ ಹದಿನಾರು ವರ್ಷದಿಂದ ಕಾಟಾದ ಕುರ್ಚಿ ನಂದು. ಅದಿರಿನ ಲಾರಿ ಬರ್ತಾವ, ಕಾಟಾ ಮ್ಯಾಲ ನಿಲ್ತಾವ, ತೂಕ ನೋಡಿ ಚೀಟಿ ಕೊಡ್ತೀನಿ. ಈಗ ಒಂದು ಹುಡುಗಿ ತಂದು ಪಕ್ಕದಾಗ ಕುಂದ್ರಿಸ್ಯಾರ. ಅಂಜಲಿ, ಬಂಡ್ರಿಯಾಕಿ. ಹೊಸಪೇಟಿ ಕಾಲೇಜಿನಾಗ ಬಿ.ಕಾಂ. ಕೊನೇ ವರ್ಷ. ಸೋಮವಾರ, ಮಂಗಳವಾರ, ಗುರುವಾರ ಇಲ್ಲಿ ದುಡಿಯೋದು, ಉಳಿದ ಮೂರು ದಿನ ಅಲ್ಲಿ ಓದೋದು. ಎರಡೂ ಸೇರಿ ಒಂದು ಡಿಗ್ರಿ. ಡಿಗ್ರಿ ಅಪ್ರೆಂಟಿಸ್ ಅಂತ ಹೆಸರು. ನಾನೂ ಓದೋದು ಅರ್ಧ, ದುಡಿಯೋದು ಅರ್ಧ ಮಾಡಿದೋನೇ. ಬಿ.ಎ. ಎರಡನೇ ವರ್ಷಕ್ಕ ಬಿಟ್ಟೆ. ನನಗ್ಯಾವನೂ ಸ್ಕೀಮ್ ಮಾಡ್ಲಿಲ್ಲ.

ಸೂಪರ್‌ವೈಸರ್ ರೇವಣಸಿದ್ದ ಬಂದು ಹೇಳ್ದ — "ಜಡೆಪ್ಪನೋರೆ, ಆಕೀಗೆ ಎಲ್ಲಾ ಕಲಿಸ್ಬಿಡ್ರಿ."

"ಎಲ್ಲಾ ಕಲಿಸಿದ ಮ್ಯಾಲ ನಾನೇನ್ ಮಾಡ್ಲಿ?"

"ಆರಾಮ್ ಕುಂದರ್ರಿ." ನಕ್ಕ.

ನನ್ನ ಕಾಂಟ್ರಾಕ್ಟ್ ಡಿಸೆಂಬರ್ ಕೊನಿಗೆ ಮುಗಿತೈತಿ. ಅವನು ಯಾಕ ನಕ್ಕ ಅಂತ ತಿಳೀದಷ್ಟು ದಡ್ಡ ಅಲ್ಲ ನಾನು.

ನವೆಂಬರ್ 10, ಸೋಮವಾರ

ಲಾರಿ ಇಲ್ಲದಾಗೆಲ್ಲ ತೊಡಿ ಮ್ಯಾಲ ಪುಸ್ತಕ ಇಟ್ಕೊಂಡು ಓದ್ತಾಳ. ಕಾಸ್ಟ್ ಅಕೌಂಟಿಂಗ್. ನೋಡಿದ್ರ ಮೈ ಉರಿತೈತಿ.

"ಏಳು. ಹಿಂದಿನ ಗಾಲಿ ಕಾಟಾ ಮ್ಯಾಲ ಸರಿಯಾಗಿ ಅದಾವೇನು ನೋಡಿ ಬಾ."

ಹೋಗಿ ಬಂದ್ಳು. ತಲಿ ತುಂಬ ಕೆಂಪು ಧೂಳು. ಪುಸ್ತಕ ತೆಗೀತಿದ್ದಂಗ ಮತ್ತೊಂದು ಲಾರಿ. ಮತ್ತ ಕಳಿಸಿದೆ. ಕಳಿಸೋ ಅಗತ್ಯ ಇಲ್ಲ, ಕ್ಯಾಮರಾ ಐತಿ. ಆಕೀಗ್ಯಾಕ ಹೇಳ್ಲಿ?

"ಸರ್, ಟೇರ್ ಅಂದ್ರ ಖಾಲಿ ಲಾರಿ ತೂಕ ಏನ್ರಿ?"

"ನಿಮ್ಮ ಕಾಲೇಜಿನಾಗ ಹೇಳ್ಕೊಡಲ್ಲೇನು?"

ಡ್ರೈವರ್ ಮಾರೇಶ ಕಿಟಕ್ಯಾಗ ಇಣುಕಿದ. "ಏನ್ ಜಡೆಪ್ಪಣ್ಣ, ಸೊಸಿ ತಂದಿಯೇನು?"

"ಸೊಸಿ ಅಲ್ಲಲೇ, ಸವತಿ."

ಮಾರೇಶ ಬಿದ್ದು ಬಿದ್ದು ನಕ್ಕ. ಆಕಿ ನಗಲಿಲ್ಲ. ಹಾಳಿ ತಿರುವಿದ್ಲು.

ನನ್ನ ಹೆಂಡ್ತಿ ಕೊಟ್ರಬಸಮ್ಮ ಇದ್ದಿದ್ರ ಅಂತಿದ್ಲು — "ಹೊಟ್ಟಿಕಿಚ್ಚು ನಿಮಗ. ಗಂಡಸರಿಗೆ ಹಸಿವಿಗಿಂತ ಅದ ಜಾಸ್ತಿ." ಆಕಿ ಹೋಗಿ ಮೂರು ವರ್ಷ. ಮನ್ಯಾಗ ಈಗ ನನ್ನ ಕರಿಯೋರೇ ಇಲ್ಲ. ಆ ಕಿಟಕ್ಯಾಗ ದಿನಾ ಕರೀತಾರ. ಅಣ್ಣಾ, ಜಲ್ದಿ. ಅಣ್ಣಾ, ಚೀಟಿ. ಅಷ್ಟೇ ನನ್ನ ಆಸ್ತಿ, ಕಂಪನಿ ಅದನ್ನ ಬರೀ ಒಂದು ಕುರ್ಚಿ ಅಂತ ತಿಳಕೊಂಡೈತಿ.

ನವೆಂಬರ್ 20, ಗುರುವಾರ. ಅಮಾಸಿ

ಅಮಾಸಿ ದಿನ ಕಾಟಾ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದ ಮ್ಯಾಲೇ ಮೊದಲನೇ ಲಾರಿ ಹತ್ತೋದು. ಕಾಯಿ ಒಡಿಯೋನು ಕುರ್ಚಿಯೋನು. ಇದು ಬರೆದಿಟ್ಟ ರೂಲ್ ಅಲ್ಲ, ಆದ್ರ ಸಂಡೂರು ಕಡಿಂದ ಬರೋ ಪ್ರತಿ ಡ್ರೈವರಿಗೂ ಗೊತ್ತು.

ಇವತ್ತು ರೇವಣಸಿದ್ದ ಕಾಯಿ ತಗೊಂಡು ಸೀದಾ ಆ ಹುಡುಗಿ ಕೈಗೆ ಕೊಟ್ಟ. ಲಾರಿಯೋರೆಲ್ಲ ನಿಂತಿದ್ರು. ನಾನು ಕೈ ಮುಂದ ಮಾಡಿದ್ದೆ… ಹಂಗೇ ತಲಿ ಕೆರಕೊಂಡೆ.

"ಸರ್, ನೀವೇ ಒಡೀರಿ," ಅಂದ್ಳು.

"ಬ್ಯಾಡವ್ವ. ಕಂಪನಿ ನಿನಗ ಕೊಟ್ಟೈತಿ. ಒಡಿ."

ಒಂದೇ ಏಟು, ಎರಡು ಹೋಳು. ಮಾರೇಶ ಸೀಟಿ ಹೊಡೆದ. ನಾಯಿ.

ಮೈಟ್ ಈಸ್ ರೈಟ್, ಬಲ ಇದ್ದೋನದೇ ನ್ಯಾಯ — ಇಲ್ಲಾ, ರೈಟ್ ಈಸ್ ಮೈಟ್? ಇಂಗ್ಲಿಷ್ ಮೇಷ್ಟ್ರು ಹೇಳಿದ್ದು ನೆನಪೈತಿ, ಯಾವುದು ಮೊದಲು ಅನ್ನೋದು ಮರ್ತೈತಿ.

ಡಿಸೆಂಬರ್ 9, ಮಂಗಳವಾರ

ಆಕೀಗೆ ಈಗ ಒಬ್ಬಾಕೀಗೇ ಬೆಳಗಿನ ಶಿಫ್ಟು. ಆರರಿಂದ ಎರಡು. ಆಮೇಲೆ ನಂದು. ಅಪ್ರೆಂಟಿಸ್‌ನ ಒಬ್ಬರನ್ನೇ ಕುಂದ್ರಿಸಬಾರದು, ಆದ್ರ ಕೇಳೋರ್ಯಾರು.

ಇವತ್ತು ಕೈ ಜೋಡಿಸಿದ್ಲು. ಗುರುವಾರ ಮಧ್ಯಾಹ್ನ ಎರಡಕ್ಕ ಪರೀಕ್ಷೆ. ರಜಾ ಕೇಳಿದ್ದಕ್ಕ ರೇವಣಸಿದ್ದ "ಲೋಡಿಂಗ್ ಜೋರೈತಿ, ನೀವ್ ನೀವೇ ಅಡ್ಜಸ್ಟ್ ಮಾಡ್ಕೊಳ್ರಿ" ಅಂದನಂತ.

"ಸರ್, ಹನ್ನೆರಡಕ್ಕ ಬರ್ತೀರೇನ್ರಿ? ಒಂದು ಪೇಪರ್ ತಪ್ಪಿದ್ರ ನಮ್ಮ ಕೋರ್ಸಿನಾಗ ವರ್ಷಾನೇ ತಿರುಗಿ ಮಾಡಬೇಕ್ರಿ. ಮನ್ಯಾಗ ಮತ್ತೊಂದು ವರ್ಷ ಓದಾಕ ಬಿಡಂಗಿಲ್ರಿ."

"ಬರ್ತೀನಿ."

ಖುಷಿಯಿಂದ ಬಿಸ್ಕೀಟ್ ಕೊಟ್ಳು. ತಿಂದೆ.

ಡಿಸೆಂಬರ್ 11, ಗುರುವಾರ. ಮಧ್ಯಾಹ್ನ 12.40

ಗೇಟ್ ಎದುರಿನ ಹೋಟ್ಲು. ಮಿರ್ಚಿ, ಮಂಡಕ್ಕಿ. ಫೋನ್ ಬಡಕೊಳ್ಳಾಕ ಹತ್ತೈತಿ. ಬಡಕೊಳ್ಳಲಿ.

ಬದಲಿಯೋರು ಬರೋತನ ಕುರ್ಚಿ ಬಿಡಂಗಿಲ್ಲ ಅಂತ ಕಂಪನಿ ರೂಲ್. ಎದ್ದು ಹೋದ್ಲೋ, ನಾಳೆ ಆಕೀನ ಕಂಪನಿ ಒಳಗ ಬಿಡಂಗಿಲ್ಲ. ಕುಂತ್ಳೋ, ಪರೀಕ್ಷೆ ಹೋತು, ಡಿಗ್ರಿ ಹೋತು, ಅಪ್ರೆಂಟಿಸೂ ಹೋತು. ಹೆಂಗಾದ್ರೂ ಕುರ್ಚಿ ನಂದೇ. ಮೂರು ವಾರದಾಗ ಹೊಸಾ ಕಾಂಟ್ರಾಕ್ಟು.

ಇನ್ನೊಂದು ಚಾ ಹೇಳಿದೆ. ಮಿರ್ಚಿ ಇವತ್ತು ಭಾಳ ಖಾರ.

ಸಂಜೆ 5.30. ಕಾಟಾ

ಎರಡಕ್ಕ ಸರಿಯಾಗಿ ಒಳಗ ಬಂದೆ. ಕುಂತೇ ಇದ್ಲು. ಚೀಲ ಹೆಗಲಿಗೆ ಹಾಕ್ಕೊಂಡೇ ಲಾರಿ ತೂಗಾಕತ್ತಿದ್ಲು. ಅತ್ತಿರಲಿಲ್ಲ. ಅತ್ತಿದ್ರ ಛಲೋ ಇತ್ತು.

"ಫೋನ್ ಸೈಲೆಂಟ್ ಇತ್ತು," ಅಂದೆ.

ಎದ್ದು ಕುರ್ಚಿ ನನ್ನ ಕಡೆ ತಿರುಗಿಸಿದ್ಲು. "ಮಿರ್ಚಿ ಬಿಸಿ ಇದ್ವೇನ್ರಿ, ಸರ್?"

ಲಾರಿ ಸಾಲು ಅಡ್ಡ ಐತಿ, ಕಾಟಾದ ಕಿಟಕಿಯಿಂದ ಹೋಟ್ಲು ಕಾಣಂಗಿಲ್ಲ ಅಂದ್ಕೊಂಡಿದ್ದೆ. ಲಾರಿ ಮುಂದಕ್ಕ ಸರೀತಾವ ಅನ್ನೋದು ಮರ್ತಿದ್ದೆ. ಹದಿನಾರು ವರ್ಷ ಲಾರಿ ಸರಿಸಿದೋನು.

ನಾಲ್ಕಕ್ಕ ರೇವಣಸಿದ್ದ ಬಂದ. ಮುಖದ ತುಂಬ ಹಲ್ಲು.

"ನೋಡಿದ್ರೇನ್ರಿ ಹುಡುಗೀನ? ಪರೀಕ್ಷೆ ಬಿಟ್ಟು ಕುಂತಾಳ. ಇಂಥೋರು ಬೇಕು ನಮಗ. ಸಾಹೇಬ್ರಿಗೂ ಹೇಳ್ದೆ."

"ಡಿಗ್ರಿ ಇಲ್ದ ಹೆಂಗ ಇಟ್ಕೋತೀರಿ?"

"ಅಪ್ರೆಂಟಿಸ್ ಅಂತಲ್ರಿ, ಕಾಂಟ್ರಾಕ್ಟ್ ಮ್ಯಾಲ. ಇನ್ನ ಕಾಲೇಜಿನ ಕಾಟ ಇಲ್ಲ, ಆರೂ ದಿನ ಬರ್ತಾಳ. ಜನವರಿಯಿಂದ ನಿಮ್ಮ ಜಾಗ ಆಕೀನೇ ನೋಡ್ಕೋತಾಳ. ನೀವು ಆರಾಮ್ ಇರ್ರಿ."

"ಆಕಿ ಒಪ್ಪಿದಳೇನು?"

"ಇನ್ನೇನ್ ಮಾಡ್ತಾಳ? ಬಂಡ್ರಿಗೆ ಹೋಗಿ ಅಪ್ಪನ ಮುಂದ ಏನಂತ ನಿಲ್ತಾಳ?"

ಹೋದ. ನಾನು ಕುಂತೆ. ಬೇಕಾಗಿದ್ದು ಆಕೀಗೆ ಡಿಗ್ರಿ, ನನಗ ಕುರ್ಚಿ. ಈಗ ಆಕೀಗೆ ಬ್ಯಾಡಾದ ಕುರ್ಚಿ ಆಕೀಗೆ, ನನಗ… ನನಗೇನು?

ಹಾಳಾಗಿ ಹೋಗ್ಲಿ. ನಾ ಬರ್ತಿದ್ದೆ, ಇನ್ನೊಂದು ಚಾ ಹೇಳದಿದ್ರ ಒಂದಕ್ಕಾದ್ರೂ ಬರ್ತಿದ್ದೆ. ಸುಳ್ಳು. ಬರ್ತಿರಲಿಲ್ಲ.

ಹೊರಗ ಮಾರೇಶ ಹಾರ್ನ್ ಹೊಡೀತಾನ. ಅಣ್ಣಾ, ಜಲ್ದಿ. ಅಕ್ಷರ ಕಾಣವಲ್ವು, ಹೊತ್ತು ಮುಣುಗಾಕ ಹತ್ತೈತಿ. ಲೈಟ್ ಸ್ವಿಚ್ಚು ಬಾಗಿಲ ಹತ್ರ. ಎದ್ದು ಹೋಗಬೇಕು. ಎದ್ದರ ಕುರ್ಚಿ —