ಹಸಿ ಅಣಬೆ

ಅಕ್ಟೋಬರ್ 12, ಭಾನುವಾರ. ಬೆಟ್ಟದ ರೆಸಾರ್ಟ್.

ಅಣಬೆ ಕಿತ್ತು ತಂದವಳು ನಾನೇ. ಜೆಕ್ ದೇಶದ ಬಾಣಸಿಗ ಇವತ್ತು ಒಂಬತ್ತು ಸುತ್ತಿನ ಊಟ ಬಡಿಸಿದ, ಸುತ್ತಿಗೊಂದೇ ತುತ್ತು. ನಾಲ್ಕನೆಯದು ಹುಳಿ ಸಾರು. ಅಣಬೆಯನ್ನು ಅದರಲ್ಲಿ ಬೇಯಿಸುತ್ತಾನೆ ಅಂದುಕೊಂಡಿದ್ದೆ. ಹಸಿಯಾಗಿಯೇ ತೆಳ್ಳಗೆ ಹೆಚ್ಚಿ ಮೇಲೆ ಉದುರಿಸಿದ. ಹದಿನಾಲ್ಕು ಜನ ಅತಿಥಿಗಳೂ ತಿಂದು ಚಪ್ಪಾಳೆ ತಟ್ಟಿದರು.

ನಮ್ಮೂರು ಲೊಕ್ಕನಹಳ್ಳಿಗೆ ಫೋನ್ ಮಾಡಿದೆ. ಅವ್ವ ಕಿರುಚಿದಳು: "ಬೇಯ್ಸೋವಾಗ ಬೆಳ್ಳುಳ್ಳಿ ಆಕಿ ನೋಡ್ದೇ ನಮ್ಮನೇಲಿ ಯಾವತ್ತಾರ ತಿಂದಿದ್ದೀವಾ? ಕಪ್ಪಾದ್ರೆ ವಿಷ ಕಣಮ್ಮಿ! ಓಗಿ ಯೋಳು!"

ಎರಡು ಸಲ ಮ್ಯಾನೇಜರ್ ಬಾಗಿಲವರೆಗೆ ಹೋಗಿ ಹಿಂದಿರುಗಿದೆ. ಬುಟ್ಟಿಯಲ್ಲಿ ಉಳಿದಿದ್ದ ಒಂದೇ ಒಂದು ಅಣಬೆಯನ್ನು ಬೆಳ್ಳುಳ್ಳಿ ಹಾಕಿ ಬೇಯಿಸಿ ನೋಡಿದೆ. ಬೆಳ್ಳುಳ್ಳಿ ಕಪ್ಪಾಗಿಲ್ಲ. ಬೆಳ್ಳಗೂ ಉಳಿದಿಲ್ಲ.

ಅತಿಥಿಗಳ ಕೋಣೆಗಳೆಲ್ಲ ಕತ್ತಲಾಗಿದ್ದವು. ಈಗ ಆರನೆಯದರಲ್ಲಿ ದೀಪ ಹತ್ತಿತು.